ಜಾಂಬೇತಾ ಒಮ್ಮೆ ಸೀನಿದಳು

ಬೆಳಿಗ್ಗೆ ಒಲೆಯ ಮೇಲೆ ಕಾಫಿ ಉಕ್ಕುವ ಹೊತ್ತಿಗೆ ಜಾಂಬೇತಾ ಒಂದು ಸಲ ಸೀನಿದಳು.

ಜಾಂಬೇತಾ ಅಂದರೆ ಸರಾಂತಿಸನ ಬೆಕ್ಕು. ಹದಿನೆಂಟು ವರ್ಷದ ಮುದುಕಿ. ಒಂದು ಕಣ್ಣಿಗೆ ಪೊರೆ, ಬಾಯಲ್ಲಿ ಮೂರು ಹಲ್ಲು, ಸಿಟ್ಟು ಮಾತ್ರ ಬಾಯಿ ತುಂಬ. ಅವಳ ಸೀನು ಹಳೇ ಕೊಡೆ ಮಡಚಿದಷ್ಟೇ ಸದ್ದು ಮಾಡಿತು. ಆದರೆ ನಮ್ಮ ದ್ವೀಪದ ಈ ಓಣಿಯಲ್ಲಿ ಕಿಟಕಿಗಳು ಒಂದರ ಬಾಯಿಗೆ ಇನ್ನೊಂದು ಕಿವಿ ಕೊಟ್ಟು ಕೂತಿರುತ್ತವೆ. ಎದುರುಮನೆಯ ಫ್ರೋಸೋ ತಲೆ ಹೊರಗೆ ಹಾಕಿದಳು.

"ಸರಾಂತಿಸಣ್ಣ! ಸೀನಿದ್ದು ಯಾರು, ನೀನಾ, ಬೆಕ್ಕಾ?"

"ನಾನು!" ಎಂದು ಸರಾಂತಿಸ್ ಸುಳ್ಳು ಹೇಳಿ ಕಿಟಕಿಯನ್ನು ಧಡಾರನೆ ಹಾಕಿದ.

ಹಾಕದೆ ಏನು ಮಾಡುತ್ತಾನೆ? ಅಂದು ಸಂಜೆಯ ಹಡಗಿಗೆ ಅವನು ಹೊರಡಬೇಕಿತ್ತು. ಪಿರೇಯಸ್ ಬಂದರಿಗೆ ಹೋಗಿ, ಮರುದಿನ ಅಥೆನ್ಸಿನಿಂದ ವಿಮಾನ ಹತ್ತಿ, ಮೆಲ್ಬರ್ನಿನಲ್ಲಿರುವ ತಂಗಿ ಕಲಿರೋಯಿಯ ಮನೆಗೆ. ಮೂವತ್ತು ವರ್ಷ ಈ ಓಣಿಯವರಿಗೆ ಕಾಫಿ ಕಾಸಿಕೊಟ್ಟವನು. ಅಂಗಡಿ ಮುಚ್ಚಿದ ಮೇಲೂ ಅವರು ಅವನನ್ನು ಬಿಟ್ಟಿರಲಿಲ್ಲ. ಯಾವ ಅಂಗಿ ತೊಟ್ಟ, ಏನು ಬೇಯಿಸಿದ, ಯಾಕೆ ಬೇಯಿಸಲಿಲ್ಲ, ಎಲ್ಲವೂ ಅವರಿಗೆ ಬೇಕು. ಒಂದು ದಿನ ಮೀನುಗಾರ ಸ್ತ್ರಾತೋಸ್ ತನ್ನ ಬಲೆಯನ್ನು ಇವನ ಬಾಗಿಲಿಗೇ ಒಣಹಾಕಿದ್ದ. ಒಳಗಿದ್ದ ಸರಾಂತಿಸ್ ಹೊರಬರಲು ಹೋಗಿ ಸಿಕ್ಕಿಬಿದ್ದು, ಬಲೆಯೊಳಗಿಂದಲೇ ತಂಗಿಗೆ ಫೋನ್ ಮಾಡಿ, "ಬರ್ತೀನಿ ಕಣೇ, ಈ ಜನರ ನಡುವೆ ನಾನು ಸಾಯಲ್ಲ" ಅಂದಿದ್ದ.

ಒಂದೇ ತೊಡಕು, ಜಾಂಬೇತಾ. ಹೆಂಡತಿ ಪಗೋನಾ ಕಣ್ಣು ಮುಚ್ಚುವ ಮೊದಲು ಅವನ ಕೈ ಹಿಡಿದು ಹೇಳಿದ ಕೊನೆಯ ಮಾತೇ ಅದು: "ಬೆಕ್ಕನ್ನ ಬಿಟ್ಟುಬಿಡಬೇಡ. ಫ್ರೋಸೋ ಕೈಗಂತೂ ಕೊಡಲೇಬೇಡ, ಹೊಟ್ಟೆ ಒಡೆಯೋ ಹಂಗೆ ತಿನ್ನಿಸ್ತಾಳೆ."

ಆ ದೇಶದವರೋ, ಮನುಷ್ಯರನ್ನಾದರೂ ಒಳಗೆ ಬಿಟ್ಟಾರು, ಬೆಕ್ಕನ್ನು ಸುಮ್ಮನೆ ಬಿಡುವುದಿಲ್ಲ. ಹುಚ್ಚುನಾಯಿ ರೋಗದ ಸೂಜಿ ಹಾಕಿಸಬೇಕು. ರಕ್ತ ಪರೀಕ್ಷೆಗೆ ಕಳಿಸಬೇಕು. ಆಮೇಲೆ ಅರ್ಧ ವರ್ಷ ಕಾಯಬೇಕು. ಹೋಗಿ ಇಳಿದ ಮೇಲೂ ಅಲ್ಲಿನ ಕ್ವಾರಂಟೈನ್ ಮನೆಯಲ್ಲಿ ಬೆಕ್ಕನ್ನು ಒಂಟಿಯಾಗಿ ಇಡುತ್ತಾರೆ. ಅದಕ್ಕೂ ಮೊದಲೇ ಜಾಗ ಹಿಡಿಯಬೇಕು. ಸರಾಂತಿಸ್ ಹಲ್ಲು ಕಚ್ಚಿ ಎಲ್ಲವನ್ನೂ ಮಾಡಿದ್ದ. ಈ ಸರದಿ ತಪ್ಪಿದರೆ ಮುಂದಿನದು ವಸಂತಕ್ಕೆ. ಜಾಂಬೇತಾಳ ಬಳಿ ಹಾಗೆ ಕಾದು ಕಳೆಯಲು ವಸಂತಗಳು ಉಳಿದಿರಲಿಲ್ಲ.

ಈಗ ಬಾಕಿ ಇದ್ದದ್ದು ಕೊನೆಯ ತಪಾಸಣೆ. ಸರ್ಕಾರಿ ಪಶುವೈದ್ಯೆ ಅಂಥೂಲಾ ಮನೆಗೆ ಬಂದು, ಬೆಕ್ಕಿಗೆ ಯಾವ ರೋಗದ ಲಕ್ಷಣವೂ ಇಲ್ಲ ಎಂದು ಕಣ್ಣಾರೆ ಕಂಡು, ಪೆಟ್ಟಿಗೆಗೆ ಮೊಹರು ಹಾಕಿ, ಕಾಗದಕ್ಕೆ ಮುದ್ರೆ ಒತ್ತಬೇಕು. ಇಂಥ ದಿನ ಸೀನು ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅಷ್ಟರಲ್ಲಿ ಫ್ರೋಸೋ ಬಾಗಿಲು ತಟ್ಟದೆ ಒಳಗೆ ಬಂದಾಗಿತ್ತು. ಒಂದು ಕೈಯಲ್ಲಿ ಎಣ್ಣೆ ಬಟ್ಟಲು, ಇನ್ನೊಂದರಲ್ಲಿ ಮೇಣದಬತ್ತಿ, ಬಾಯಲ್ಲಿ ಸೂಜಿಗೆ ಚುಚ್ಚಿದ ಲವಂಗ.

"ಕಣ್ಣು ಬಿದ್ದಿದೆ," ಎಂದಳು ಲವಂಗ ತೆಗೆದು. "ವಿದೇಶಕ್ಕೆ ಹೊರಟ ಬೆಕ್ಕು. ಊರಿಗೆಲ್ಲ ಹೊಟ್ಟೆಕಿಚ್ಚು."

"ಯಾರಿಗೆ ಹೊಟ್ಟೆಕಿಚ್ಚು? ಇಲ್ಲಿ ಬೆಕ್ಕೊಂದೇ ವಿದೇಶಕ್ಕೆ ಹೋಗ್ತಿರೋದಾ? ನಾನು ಹೋಗ್ತಿಲ್ವಾ? ನನಗ್ಯಾಕೆ ಕಣ್ಣು ಬೀಳಲಿಲ್ಲ?"

"ನಿನ್ನನ್ನ ಯಾರು ನೋಡ್ತಾರಪ್ಪ," ಎಂದು ಹೇಳಿ ಫ್ರೋಸೋ ಲವಂಗವನ್ನು ಉರಿಗೆ ಹಿಡಿದಳು.

ಲವಂಗ ಪಟ್ ಎಂದಿತು. ಪಟ್ ಅಂದರೆ ದೃಷ್ಟಿ ತಾಗಿದೆ ಎಂದೇ ಅರ್ಥ. ಅವಳು ಮಂತ್ರ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಬಾಯಿ ಕಳೆದು ಆಕಳಿಸಿದಳು. ಆಕಳಿಕೆ ದೊಡ್ಡದಾದಷ್ಟೂ ಕಣ್ಣು ಕೆಟ್ಟದ್ದು ಅಂತ ಲೆಕ್ಕ. ಆ ಆಕಳಿಕೆಯೊಳಗೆ ಒಂದು ಸಣ್ಣ ದೋಣಿ ತಿರುಗಿಸಬಹುದಿತ್ತು. ಕೊನೆಗೆ ಬೆಕ್ಕಿನ ಮೂಗಿನ ಹತ್ತಿರವೇ ಥೂ ಥೂ ಥೂ ಎಂದು ಮೂರು ಸಲ ಉಗುಳಿದಳು. ಮನೆ ತುಂಬ ಸುಟ್ಟ ಲವಂಗದ ಹೊಗೆ. ಒಂದು ಸಲ ಸೀನಿದ್ದ ಜಾಂಬೇತಾ ಈಗ ಬಿಡುವಿಲ್ಲದೆ ಸೀನತೊಡಗಿದಳು.

"ನೋಡು, ಹೊರಗೆ ಬರ್ತಿದೆ!" ಎಂದಳು ಫ್ರೋಸೋ ಸಂತೋಷದಿಂದ.

"ಹೊರಗೆ ಹೋಗಬೇಕಾದ್ದು ನೀನು!" ಎಂದು ಸರಾಂತಿಸ್ ಗುಡುಗಿದ. ಅವನ ಮುಖ ಬೇಯಿಸಿದ ಆಕ್ಟೋಪಸ್ಸಿನ ಬಣ್ಣಕ್ಕೆ ತಿರುಗಿತ್ತು.

ಅದೇ ಹೊತ್ತಿಗೆ ಸ್ತ್ರಾತೋಸ್ ಬಾಗಿಲಲ್ಲಿ ಕಂಡ. ಕೈಯಲ್ಲಿ ಎಲೆಕೋಸಿನ ಎಲೆ, ಎಲೆಯ ಮೇಲೆ ಹಸಿ ಬೂತಾಯಿ ಮೀನು. "ಬಲೆ ವಿಷಯ ಮರೆತುಬಿಡು ಮಾರಾಯ. ಮುದುಕಿಗೆ ಊರಿನ ಕೊನೇ ಮೀನು ತಂದೆ."

"ಹಸಿ ಮೀನು ಕೊಡಬಾರದು! ಡಾಕ್ಟರು ಹೇಳಿದ್ದಾರೆ!"

"ಹಸಿ ಮೀನು ತಿನ್ನದ ಬೆಕ್ಕಾ? ಅದೆಂಥ ದೇಶನೋ!"

ಅವರ ವಾದ ಮುಗಿಯುವುದರೊಳಗೆ ಮೀನು ಮುಗಿದಿತ್ತು. ಮೂರೇ ಹಲ್ಲಿದ್ದರೂ ಜಾಂಬೇತಾ ನುಂಗುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಪಶುವೈದ್ಯೆ ಅಂಥೂಲಾ ಒಳಗೆ ಕಾಲಿಟ್ಟಾಗ ಕಂಡದ್ದು ಇಷ್ಟು: ಹೊಗೆ, ಹಣೆಗೆ ಎಣ್ಣೆ ಬಳಿದುಕೊಂಡ ಬೆಕ್ಕು, ಅದರ ಕೊರಳಲ್ಲಿ ದೃಷ್ಟಿಗೆಂದು ಫ್ರೋಸೋ ಕಟ್ಟಿದ ನೀಲಿ ಮಣಿ ಮತ್ತು ಒಂದು ಎಸಳು ಬೆಳ್ಳುಳ್ಳಿ. ಬೆಕ್ಕು ಅವಳ ಮುಖ ನೋಡಿಯೇ ಸೀನಿತು.

"ಸೀನುವ ಬೆಕ್ಕಿಗೆ ನಾನು ಮುದ್ರೆ ಒತ್ತೋದಿಲ್ಲ," ಎಂದಳು ಅಂಥೂಲಾ. ಸಣ್ಣ ವಯಸ್ಸಿನವಳು. ಆದರೆ ಧ್ವನಿ ಮಾತ್ರ ಸರ್ಕಾರಕ್ಕೆಷ್ಟು ವಯಸ್ಸೋ ಅಷ್ಟು ಹಳೆಯದು.

"ಅಮ್ಮಾ, ಇದು ರೋಗ ಅಲ್ಲ. ಲವಂಗ!"

"ಲವಂಗವೋ ರೋಗವೋ ನನಗೆ ಹೇಗೆ ಗೊತ್ತಾಗಬೇಕು? ಮಧ್ಯಾಹ್ನದ ಮೇಲೆ ಕಚೇರಿಗೆ ತನ್ನಿ. ಒಂದು ಗಂಟೆ ನನ್ನೆದುರು ಕೂರಿಸ್ತೀನಿ. ಒಂದು ಸಲ ಸೀನಿದರೂ ಇಲ್ಲ. ಈ ಸಂಜೆ ಹಡಗಿಗೆ ನಾನೂ ಹೊರಟೆ, ಮಾತೆ ಮರಿಯಳ ಹಬ್ಬಕ್ಕೆ ಊರಿಗೆ. ಹಬ್ಬ ಕಳೆಯೋವರೆಗೆ ಕಚೇರಿಗೆ ಬೀಗ."

ಸರಾಂತಿಸ್ ಬೆಕ್ಕಿನ ಹಣೆಯನ್ನು ತೊಳೆದ. ಮಣಿ ಕಿತ್ತ. ಬೆಳ್ಳುಳ್ಳಿಯನ್ನು ಫ್ರೋಸೋಳ ಅಂಗಳಕ್ಕೆ ಎಸೆದ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟ. ಗುಡ್ಡದ ಕಡೆಯಿಂದ ಮೆಲ್ತೆಮಿ ಗಾಳಿ ಬೀಸುತ್ತಿತ್ತು. ಆಗಸ್ಟ್ ಬಂತೆಂದರೆ ಈ ಗಾಳಿಗೆ ಹುಚ್ಚು. ಫ್ರೋಸೋಳ ಹಾಸಿಗೆ ಬಟ್ಟೆಯೊಂದು ಹಗ್ಗದಿಂದ ಕಿತ್ತು ಬಂದರಿನ ಕಡೆ ಹಾರಿತು. ಅದನ್ನು ಹಿಡಿಯುವ ನೆಪದಲ್ಲಿ ಫ್ರೋಸೋ ಕೂಡ ಅವನ ಹಿಂದೆಯೇ ಬಂದಳು.

ಕಚೇರಿಯಲ್ಲಿ ಅಂಥೂಲಾ ಗಡಿಯಾರ ನೋಡುತ್ತ ಕೂತಳು. ಸರಾಂತಿಸ್ ಬೆಕ್ಕಿನ ಮೂಗು ನೋಡುತ್ತ ಕೂತ. ಬೆಕ್ಕು ಕಣ್ಣು ಮುಚ್ಚಿ, ಇವರಿಬ್ಬರೂ ತನಗೆ ಸೇರಿದವರಲ್ಲ ಎಂಬಂತೆ ಕೂತಿತು. ಮೂಗು ಮಿಸುಕಿದಾಗಲೆಲ್ಲ ಸರಾಂತಿಸನ ಉಸಿರು ನಿಲ್ಲುತ್ತಿತ್ತು. ಗಂಟೆ ಮುಗಿಯಿತೆನ್ನುವಾಗ ಕೋಣೆ ಅಲುಗುವಂತೆ ಒಂದು ಸೀನು ಬಂತು.

ಅಂಥೂಲಾ ಲೇಖನಿ ಕೆಳಗಿಟ್ಟಳು.

"ಅದು ಬೆಕ್ಕಲ್ಲ ಕಣಮ್ಮ, ಇವನು!" ಎಂದು ಕಿಟಕಿಯ ಹೊರಗಿನಿಂದ ಫ್ರೋಸೋ ಕೂಗಿದಳು. "ಬೆಳಿಗ್ಗೆನೂ ಇವನೇ ಅಂತೆ. ಇವನನ್ನ ಬೇಕಾದ್ರೆ ಕ್ವಾರಂಟೈನಿಗೆ ಹಾಕು, ಬೆಕ್ಕನ್ನ ಕಳಿಸು!"

ಅಂಥೂಲಾಳ ತುಟಿಯ ಕೊನೆ ಒಂದಿಷ್ಟು ಸಡಿಲವಾಯಿತು. ಪೆಟ್ಟಿಗೆಯ ಬಾಗಿಲಿಗೆ ಮೊಹರು ಹಾಕಿದಳು. ಕಾಗದದ ಮೇಲೆ ದುಂಡನೆಯ ನೀಲಿ ಮುದ್ರೆ ಒತ್ತಿದಳು. "ಎರಡು ಮಾತು. ಮೊಹರು ಮುರೀಬಾರದು. ಮುದ್ರೆ ಓದೋಕೆ ಬರಬೇಕು. ಒಂದು ಕೆಟ್ಟರೂ ವಿಮಾನ ನಿಲ್ದಾಣದಿಂದ ವಾಪಸ್ಸು ಕಳಿಸ್ತಾರೆ."

ಸರಾಂತಿಸ್ ಆ ಕಾಗದವನ್ನು ಮಗುವಿನಂತೆ ಎತ್ತಿಕೊಂಡು ಓಣಿಗೆ ಬಂದ. ನೋಡಿದರೆ ಓಣಿಯೇ ಅವನ ಬಾಗಿಲಲ್ಲಿ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ನೀರು. ಸ್ತ್ರಾತೋಸನ ಕೈಯಲ್ಲಿ ಬಕೆಟ್, ಅವನ ಹೆಂಡತಿಯ ಕೈಯಲ್ಲಿ ಹೂಜಿ. ಫ್ರೋಸೋ ಎಲ್ಲರನ್ನೂ ದಾಟಿ ಓಡಿಹೋಗಿ ತನ್ನ ಮನೆಯಿಂದ ತಾಮ್ರದ ಕೊಡವನ್ನೇ ತಂದಳು. ದೂರ ಹೋಗುವವರ ಬೆನ್ನ ಹಿಂದೆ ನೀರು ಚೆಲ್ಲಬೇಕು. ದಾರಿ ನೀರಿನ ಹಾಗೆ ಹರಿಯಲಿ, ಹೋದವರು ನೀರಿನ ಹಾಗೆ ಹರಿದು ಬರಲಿ ಅಂತ. ನಮ್ಮಲ್ಲಿ ಪಕ್ಕದ ದ್ವೀಪಕ್ಕೆ ಹಲ್ಲು ಕೀಳಿಸಲು ಹೋಗುವವರಿಗೂ ಚೆಲ್ಲುತ್ತಾರೆ.

ಸರಾಂತಿಸ್ ಕಾಗದವನ್ನು ಅಂಗಿಯೊಳಗೆ ತುರುಕಿಕೊಂಡು ಬೆಕ್ಕಿಗಿಂತ ಜೋರಾಗಿ ಗುರುಗುಟ್ಟಿದ.

"ಒಂದು ಹನಿ! ಒಂದು ಹನಿ ಈ ಕಾಗದಕ್ಕೆ ತಾಗಿದ್ರೆ ನನ್ನ ಬೆಕ್ಕಿನ ಗತಿ ಮುಗೀತು! ಬೆಳಿಗ್ಗೆಯಿಂದ ಹೊಗೆ ಹಾಕಿದಿರಿ, ಮೀನು ತಿನ್ನಿಸಿದಿರಿ, ಉಗುಳಿದಿರಿ. ಈಗ ನೀರು! ಯಾರೂ ಚೆಲ್ಲಬೇಡಿ. ಯಾರೂ ಬಂದರಿಗೆ ಬರಬೇಡಿ. ನಿಮ್ಮ ಮುಖ ನೋಡಬಾರದು ಅಂತಲೇ ನಾನು ಭೂಮಿಯ ಆ ತುದಿಗೆ ಹೋಗ್ತಿರೋದು, ಗೊತ್ತಾಯ್ತಾ?"

ಫ್ರೋಸೋ ಕೊಡದ ನೀರನ್ನು ನಿಧಾನವಾಗಿ ತನ್ನ ತುಳಸಿಯಂಥ ಬಾಸಿಲ್ ಗಿಡದ ಕುಂಡಕ್ಕೆ ಸುರಿದು ಒಳಗೆ ಹೋದಳು. ಅವಳ ಬಾಗಿಲು ಮುಚ್ಚಿತು. ಸ್ತ್ರಾತೋಸನದೂ ಮುಚ್ಚಿತು. ಆಮೇಲೆ ಒಂದೊಂದಾಗಿ ಎಲ್ಲವೂ.

ಬಂದರಿನಲ್ಲಿ ಹಡಗು ಬಾಯಿ ತೆರೆದು ನಿಂತಿತ್ತು. ಸರಾಂತಿಸ್ ಒಬ್ಬನೇ. ಫೋನ್ ಬಡಿದುಕೊಂಡಿತು. ತಂಗಿ ಕಲಿರೋಯಿ.

"ಅಣ್ಣಾ, ಹತ್ತಿದ್ಯಾ? ನೀರು ಚೆಲ್ಲಿದ್ರಾ?"

"ಅದೆಲ್ಲ ಹಳೇ ಕಾಲದ್ದು ಕಣೇ."

"ಚಿಕ್ಕಪ್ಪ ಲೆಫ್ತೇರಿಸ್ ಹಾಗೇ ಅಂದಿದ್ದ. ನೀರು ಬೇಡ, ಪಿರೇಯಸ್‌ಗೆ ಹೋಗಿ ಕನ್ನಡಕ ತಗೊಂಡು ಬರ್ತೀನಿ ಅಂತ ಹೋದ. ಮೂವತ್ತು ವರ್ಷ ಬರಲಿಲ್ಲ. ಬಂದಾಗ್ಲೂ ಕನ್ನಡಕ ಇರಲಿಲ್ಲ. ನನಗೆ ನಿನ್ನ ಚಿಂತೆ ಇಲ್ಲ ಅಣ್ಣಾ. ಆ ಮುದಿ ಬೆಕ್ಕು ಅಷ್ಟು ದೂರ ಉಸಿರು ಹಿಡ್ಕೊಂಡು ಬರಬೇಕಲ್ಲ."

ಫೋನ್ ಇಟ್ಟ ಮೇಲೆ ಸರಾಂತಿಸ್ ಸುತ್ತ ನೋಡಿದ. ಸೇನೆಗೆ ಹೊರಟ ಹುಡುಗನ ಹಿಂದೆ ಅವನ ಅಜ್ಜಿ ಲೋಟ ನೀರು ಚೆಲ್ಲಿದಳು. ಯಾರೋ ಮಾರಲು ಕಳಿಸುತ್ತಿದ್ದ ಆಡಿನ ಹಿಂದೆಯೂ ಒಬ್ಬಳು ಹೂಜಿ ಬಗ್ಗಿಸಿದಳು. ಆಡಿಗೂ ಇದ್ದಾರೆ ಒಬ್ಬರು! ಪೆಟ್ಟಿಗೆಯೊಳಗೆ ಜಾಂಬೇತಾ ಸಣ್ಣಗೆ ಕೂಗಿದಳು. ಅವನಿಗೆ ಪಗೋನಾ ಕೈ ಹಿಡಿದದ್ದು ನೆನಪಾಯಿತು. ಓಣಿಯವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಬರಬೇಡಿ ಅಂದರೆ ನಿಜವಾಗಿಯೂ ಬರದೆ ಇರುವುದೇ? ಇಡೀ ಜನ್ಮದಲ್ಲಿ ತನ್ನ ಒಂದು ಮಾತೂ ಕೇಳದವರು ಇವತ್ತೇ ಕೇಳಬೇಕಿತ್ತೇ?

"ಬೆಕ್ಕಿನ ಕಾಗದ ಇದೆಯೇನಪ್ಪ?" ಎಂದ ಹಡಗಿನ ಬಾಯಲ್ಲಿ ನಿಂತ ನಾವಿಕ.

ಸರಾಂತಿಸ್ ಅಂಗಿಯೊಳಗಿಂದ ಕಾಗದ ತೆಗೆದ. ಹೆಜ್ಜೆ ಎತ್ತಿದವನು ನಿಂತ. "ಒಂದು ನಿಮಿಷ," ಎಂದ. ಎಡಗೈಯಲ್ಲಿ ಪೆಟ್ಟಿಗೆ. ಅದಕ್ಕೆ ತೇವ ತಾಗದಿರಲೆಂದು ಮುಂದೆ ಹಿಡಿದುಕೊಂಡ. ಕಾಗದವನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಬಲಗೈಯಿಂದ ಚೀಲದಲ್ಲಿದ್ದ ಬೆಕ್ಕಿನ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದ. ಬೇರೆ ಯಾರೂ ಇಲ್ಲವಲ್ಲ, ತನ್ನ ಬೆನ್ನ ಹಿಂದೆ ತಾನೇ ಚೆಲ್ಲಿಕೊಂಡರಾಯಿತು. ಹೆಗಲ ಮೇಲಿಂದ ಹಿಂದಕ್ಕೆ, ಸಿಟ್ಟೆಲ್ಲ ಸೇರಿಸಿ, ಬಾಟಲಿಯ ನೀರನ್ನೆಲ್ಲ ಎರಚಿದ.

ಗುಡ್ಡದಿಂದ ಇಳಿದು ಬಂದ ಮೆಲ್ತೆಮಿ ಆ ನೀರನ್ನು ಗಾಳಿಯಲ್ಲೇ ಹಿಡಿಯಿತು. ಒಂದು ಹನಿಯನ್ನೂ ತನಗೆಂದು ಇಟ್ಟುಕೊಳ್ಳದೆ ತಿರುಗಿಸಿ ತಂದು ಅವನ ತಲೆ, ಮುಖ, ಹಲ್ಲಿನಲ್ಲಿದ್ದ ಕಾಗದ, ಎಲ್ಲದರ ಮೇಲೂ ಸುರಿಯಿತು.

ಕಣ್ಣು ಒರೆಸಿಕೊಂಡು ನೋಡುತ್ತಾನೆ, ದುಂಡನೆಯ ಮುದ್ರೆ ಇಲ್ಲ. ಅದಿದ್ದ ಜಾಗದಲ್ಲಿ ನೀಲಿಯಾಗಿ ಏನೋ ಹರಡಿಕೊಂಡಿತ್ತು.

"ಇದೇನು, ಕಡಲಿನ ನಕ್ಷೆಯಾ?" ಎಂದ ನಾವಿಕ.

ಹಡಗಿನ ಮೇಲಿನ ಅಟ್ಟದಲ್ಲಿ ಅಂಥೂಲಾ ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಸರಾಂತಿಸ್ ಕಾಗದ ಎತ್ತಿ ಕೂಗಿದ. "ಅಮ್ಮಾ! ಇನ್ನೊಂದು ಸಲ ಒತ್ತಿಕೊಡಿ!"

"ಮುದ್ರೆ ಕಚೇರಿಯಲ್ಲಿದೆ!"

"ಹಾಗಾದ್ರೆ ಇಳೀರಿ! ಬೀಗ ತೆಗೀರಿ!"

"ನಾನು ರಜೆಯಲ್ಲಿದ್ದೀನಿ!" ಎಂದಳು ಅಂಥೂಲಾ. ಆಮೇಲೆ ನಿಜವಾಗಿಯೂ ಮರುಕಪಟ್ಟು, "ಅಷ್ಟು ಹೇಳಿದ್ದೆನಲ್ಲ, ಯಾರು ನೀರು ಹಾಕಿದ್ದು?" ಎಂದು ಕೂಗಿದಳು.

ಉತ್ತರ ಹೇಳುವ ಮೊದಲೇ ಹಡಗು ಬಾಯಿ ಮುಚ್ಚಿಕೊಂಡಿತು.

ಓಣಿಗೆ ಬರುವಷ್ಟರಲ್ಲಿ ಬಾಗಿಲುಗಳು ತೆರೆದಿದ್ದವು. ಅವನ ಬಾಗಿಲಲ್ಲಿ ಆಗಲೇ ಸ್ತ್ರಾತೋಸನ ಬಲೆ ಒಣಗುತ್ತಿತ್ತು. ಸ್ತ್ರಾತೋಸ್ ಬಲೆ ಸರಿಸಿ, ಮೀನು ಕೊಯ್ಯುವ ಚೂರಿಯಿಂದ ಪೆಟ್ಟಿಗೆಯ ಮೊಹರು ಕತ್ತರಿಸಿದ. ಜಾಂಬೇತಾ ಹೊರಬಂದು, ಮೈ ಕೊಡವಿ, ಸರಾಂತಿಸನ ಕಡೆ ನೋಡದೆ ನೇರವಾಗಿ ಫ್ರೋಸೋಳ ಹೊಸ್ತಿಲಿಗೆ ಹೋದಳು.

"ಇನ್ನು ವಸಂತಕ್ಕೆ," ಎಂದ ಸರಾಂತಿಸ್ ಮೆಟ್ಟಿಲ ಮೇಲೆ ಕುಸಿದು. "ಅಲ್ಲೀವರೆಗೆ ಇವಳು ಇರ್ತಾಳೋ ಇಲ್ವೋ."

"ಅವಳ ವಿಷಯ ಬಿಡು. ನೀನಿರ್ತೀಯ ಅಂತ ಯಾರು ಕಂಡಿದ್ದಾರೆ?" ಎಂದಳು ಫ್ರೋಸೋ. ಅವಳ ಕಣ್ಣು ಕೆಂಪಾಗಿತ್ತು. ಹೊಗೆಗೆ ಇರಬೇಕು. ಅವನ ಮುಂದೆ ಒಂದು ತಟ್ಟೆ ಬೇಳೆ ಸಾರು ಇಟ್ಟಳು. ಬಿಸಿಯಾಗಿತ್ತು.

"ಅಂದ್ಹಾಗೆ ಇಷ್ಟು ನೆಂದಿದ್ದೀಯ. ಯಾರು ಚೆಲ್ಲಿದ್ದು?"

"ಯಾರೂ ಇಲ್ಲ!" ಎಂದು ಸರಾಂತಿಸ್ ಅಬ್ಬರಿಸಿದ.

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.

"ಅಣ್ಣಾ, ಕೊನೆಗೂ ಯಾರಾದ್ರೂ ನೀರು ಚೆಲ್ಲಿದ್ರಾ?"

"ಚೆಲ್ಲಿದ್ರು," ಎಂದ ಅವನು ಹಲ್ಲು ಕಚ್ಚಿ.

"ಸದ್ಯ, ಬದುಕಿದೆ!" ಎಂದಳು ಕಲಿರೋಯಿ. "ನಮ್ಮಮ್ಮ ಹೇಳ್ತಿದ್ದದ್ದು ನೆನಪಿದ್ಯಾ? ನೀರು ಚೆಲ್ಲಿಸಿಕೊಂಡು ಹೋದವನು ಹೇಗಾದ್ರೂ ಮನೆಗೆ ವಾಪಸ್ ಬಂದೇ ಬರ್ತಾನಂತೆ."