ಭೋಜರಾಜನ ಹೊಸ ಚರ್ಮ

"ಈ ಸಲ ರಾಜಕುಮಾರ ರಂಗಕ್ಕೆ ಕಾಲಿಟ್ಟ ಅಂದ್ರೆ ಮುಂದಿನ ಸಾಲಿನವರು ಕಣ್ಣು ಮುಚ್ಕೋಬೇಕು! ಅಷ್ಟು ಹೊಳೀಬೇಕು ಈ ಮುಖ!" ಎಂದು ಕನ್ನಡಿಯೆದುರು ನಿಂತ ಭೋಜರಾಜ ಘೋಷಿಸಿದ.

"ಈಗಲೂ ಮುಚ್ಕೋತಾರೆ" ಎಂದಳು ಹೆಂಡತಿ ಕಲಾವತಿ, ಹುರುಳಿಕಾಯಿಯ ನಾರು ತೆಗೆಯುತ್ತಾ.

ಮದ್ರಾಸಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತನಾದ ಭೋಜರಾಜ ಹಗಲು ಫೈಲು ಹೊತ್ತರೂ ಸಂಜೆ ಕನ್ನಡ ಸಂಘದಲ್ಲಿ ರಾಜ್ಯವಾಳುವವನು. ಸಣ್ಣಪುಟ್ಟ ದೂತ, ದ್ವಾರಪಾಲಕರ ಪಾತ್ರಗಳಲ್ಲಿ ವರ್ಷಗಟ್ಟಲೆ ಈಟಿ ಹಿಡಿದು ನಿಂತ ಮೇಲೆ, ಈ ಸಲದ ವಾರ್ಷಿಕೋತ್ಸವದ ನಾಟಕದಲ್ಲಿ ಅವನಿಗೆ ರಾಜಕುಮಾರನ ಪಾತ್ರ ಒಲಿದಿತ್ತು. ಆದರೆ ತಾಲೀಮಿನ ದಿನ ನಿರ್ದೇಶಕ ಸುಬ್ರಾಯರು ಅವನ ಮುಖದ ಮೊಡವೆ ಕಲೆಗಳನ್ನು ದಿಟ್ಟಿಸಿ ನೋಡಿ, ಆಮೇಲೆ ಪಕ್ಕದಲ್ಲೇ ಇದ್ದ ಬ್ಯಾಂಕಿನ ಹರಿದಾಸನ ನುಣುಪಾದ ಕೆನ್ನೆಯನ್ನೂ ದಿಟ್ಟಿಸಿ ನೋಡಿ ನಿಟ್ಟುಸಿರು ಬಿಟ್ಟಿದ್ದರು. ಆ ನಿಟ್ಟುಸಿರು ಭೋಜರಾಜನ ಎದೆಗೆ ನಾಟಿತ್ತು. ಪಾತ್ರ ಕೈತಪ್ಪಿದರೆ ಮತ್ತೆ ಈಟಿಯೇ ಗತಿ!

ಹೀಗಾಗಿ ಬುಧವಾರ, ಆಫೀಸಿಗೆಂದು ಹೊರಟವನು ಮೌಂಟ್ ರೋಡಿನ ಒಂದು ಮಹಡಿ ಮೆಟ್ಟಿಲು ಹತ್ತಿದ. ಅಲ್ಲಿ ಮಿಸೆಸ್ ಡಿಕ್ರೂಸ್ ಎಂಬ ದೊರೆಸಾನಿಯ ಬ್ಯೂಟಿ ಪಾರ್ಲರು. ಹೆಂಗಸರ ಜಾಗ. ಆದರೆ ಸಿನಿಮಾದ ಗಂಡಸರೂ ಹಿಂಬಾಗಿಲಿನಿಂದ ಗುಟ್ಟಾಗಿ ಬರುತ್ತಾರೆಂದು ಅವನು ಕೇಳಿದ್ದ. ಸಿನಿಮಾದವರಿಗೆ ಒಪ್ಪುವ ಹಿಂಬಾಗಿಲು ರೈಲ್ವೆಯವರಿಗೆ ಯಾಕೆ ಒಪ್ಪಬಾರದು?

ಆಕೆ ಸಾವಧಾನವಾಗಿ ವಿವರಿಸಿದಳು. ಮೊದಲು ಮುಖ ತೊಳೆದು ಸ್ಪಿರಿಟ್ಟಿನಲ್ಲಿ ಒರೆಸುವುದು. ಆಮೇಲೆ ಔಷಧ ಬಳಿಯುವುದು. ಉರಿಯುತ್ತದೆ. ಇವತ್ತು ಕೆಂಪಾಗುತ್ತದೆ, ನಾಳೆ ಬಿಗಿಯುತ್ತದೆ, ನಾಡಿದ್ದಿನಿಂದ ಸುಲಿಯಲು ಶುರು. ಕೀಳಬಾರದು, ಸೋಪು ಹಾಕಬಾರದು, ಬಿಸಿಲಿಗೆ ಹೋಗಬಾರದು. ವಾರ ಕಳೆದ ಮೇಲೆ ಹೊಸ ಚರ್ಮ!

"ಈ ವಾರದಲ್ಲಿ ಏನೂ ಫಂಕ್ಷನ್ ಇಲ್ಲ ತಾನೆ?" ಎಂದು ಕೊನೆಗೆ ಕೇಳಿದಳು.

ಭಾನುವಾರವೇ ನಾಟಕ! ಹೇಳಿದರೆ ಎಲ್ಲಿ ವಾಪಸು ಕಳಿಸುತ್ತಾಳೋ ಎಂದು ಭೋಜರಾಜನಿಗೆ ದಿಗಿಲಾಯಿತು. ವಾರವೆಲ್ಲ ನಾಜೂಕಿನ ಮೇಮ್‌ಸಾಹೇಬರಿಗೆ. ಮದ್ರಾಸಿನ ಬಿಸಿಲಲ್ಲಿ ಬೆಂದ ಗುಮಾಸ್ತನಿಗೆ ಮೂರು ದಿನ ಧಾರಾಳ ಎಂದು ಅವನೇ ತೀರ್ಪು ಕೊಟ್ಟುಕೊಂಡ.

"ನೋ ಫಂಕ್ಷನ್, ಮೇಡಂ!"

ಔಷಧ ಬಿತ್ತು ನೋಡಿ! ಕೆಂಜಿಗದ ಗೂಡಿಗೇ ಮುಖ ಕೊಟ್ಟಂತಾಯಿತು. ರಾಜಕುಮಾರರು ಅಳುವುದಿಲ್ಲವೆಂದು ಅವನು ಹಲ್ಲು ಕಚ್ಚಿ ಕೂತ.

ಮನೆಗೆ ಬಂದಾಗ ಮುಖ ಟೊಮೇಟೊ ಹಣ್ಣಾಗಿತ್ತು. ಬಿಸಿಲಿನ ಝಳವೆಂದು ಹೆಂಡತಿಗೆ ಸುಳ್ಳು ಹೇಳಿ ಪಾರಾದ. ಶುಕ್ರವಾರ ಬೆಳಗ್ಗೆ ಮಾತ್ರ ಅದು ಹಳೇ ಗೋಡೆಯ ಸುಣ್ಣದಂತೆ ಚಕ್ಕೆಚಕ್ಕೆಯಾಗಿ ಏಳತೊಡಗಿತು. ಹಾಗೇ ಹಲ್ಲುಜ್ಜಲು ಬಾವಿಕಟ್ಟೆಗೆ ಹೋದ. ಅಲ್ಲಿ ಮನೆಯೊಡತಿ ಮಾಮಿ ನೀರು ಸೇದುತ್ತಿದ್ದರು. ಒಮ್ಮೆ ನೋಡಿದರು. ಹಗ್ಗ ಕೈಬಿಟ್ಟರು. ಕೊಡ ಬಾವಿಗೆ ಬಿತ್ತು.

"ಅಯ್ಯೋ ತಾಯೇ! ಅಮ್ಮ ವಂದಿರುಕ್ಕಾ!" ಅಮ್ಮ ಬಂದಿದ್ದಾಳೆ, ಅಂದರೆ ಸಿಡುಬು ಎದ್ದಿದೆ ಎಂದು ಮಾಮಿಯ ತೀರ್ಮಾನ.

ಬಾಡಿಗೆ ಕೇಳುವಾಗ ಬಿಟ್ಟರೆ ಅವನ ಕಡೆ ತಿರುಗಿಯೂ ನೋಡದಿದ್ದ ಮಾಮಿ ಅವನಿಗೆ ಕೈ ಮುಗಿದರು! ಅರ್ಧ ಗಂಟೆಯೊಳಗೆ ಬಾಗಿಲಿಗೆ ಬೇವಿನ ಸೊಪ್ಪು ಬಂತು, ಬುಟ್ಟಿ ತುಂಬ ಎಳನೀರು ಬಂತು, ಕಲಾವತಿಗೆ ಅಪ್ಪಣೆಯೂ ಬಂತು. ಮನೆಯಲ್ಲಿ ಅಮ್ಮ ಇರುವಷ್ಟು ದಿನ ಒಗ್ಗರಣೆ ಹಾಕಕೂಡದು, ಮೈಮೇಲೆ ಬಂದವಳಿಗೆ ಬೇಜಾರಾಗುವ ಒಂದು ಮಾತೂ ಆಡಕೂಡದು!

ಕಲಾವತಿಯ ಮುಖ ಬಿಳಿಚಿಕೊಂಡಿತ್ತು. ಊರಮ್ಮನಿಗೆ ಮುಡಿಪು ಕಟ್ಟಿದಳು. ಮಾತುಮಾತಿಗೂ ಕುಟುಕುತ್ತಿದ್ದವಳು ತಲೆದಿಂಬಿನ ಪಕ್ಕ ಕೂತು, "ರೀ, ಎಳನೀರು ಕೊಡ್ಲಾ? ಬೀಸ್ಲಾ?" ಎಂದು ಕೇಳಿದಳು. ಮದುವೆಯಾದಂದಿನಿಂದ ಭೋಜರಾಜ ಇಂಥ ದನಿ ಕೇಳಿರಲಿಲ್ಲ. ನಿಜ ಹೇಳಬೇಕೆಂದು ಬಾಯಿ ತೆರೆದ. ಅವಳು ಆ ಬಾಯಿಗೆ ಎಳನೀರು ಹಾಕಿದಳು. ಹೆಂಗಸರ ಪಾರ್ಲರಿಗೆ ಹೋಗಿ ಮುಖ ಸುಲಿಸಿಕೊಂಡೆ ಎಂದು ಹೇಳುವುದಕ್ಕಿಂತ ದೇವತೆಯಾಗಿ ಮಲಗುವುದೇ ಸುಖವೆನಿಸಿತು. ಹೇಗೂ ಭಾನುವಾರದ ಹೊತ್ತಿಗೆ ಚಕ್ಕೆಯೆಲ್ಲ ಉದುರಿ ಚಂದ್ರೋದಯವಾಗುತ್ತದಲ್ಲ!

ಶನಿವಾರ ಬೀದಿಯಲ್ಲಿ ಸುಬ್ರಾಯರ ದನಿ ಕೇಳಿಸಿತು. ಪ್ಯಾರೀಸ್ ಕಾರ್ನರಿನಲ್ಲಿ ಹೋಟೆಲು ನಡೆಸುವ ಉಡುಪಿಯ ಕಡೆಯವರು. ಅಮ್ಮ ಬಂದ ಸುದ್ದಿ ಕೇಳಿ ಬಂದವರು ಬೇವಿನ ಸೊಪ್ಪು ಕಂಡು ಆಚೆ ಬದಿಯಲ್ಲೇ ನಿಂತಿದ್ದರು.

"ಭೋಜರಾಜರೇ, ನೀವು ಏಳುದು ಬೇಡ ಮಾರಾಯ್ರೆ! ನಾಟಕದ ಚಿಂತೆ ಬಿಡಿ. ರಾಜಕುಮಾರನ ಪಾತ್ರ ಹರಿದಾಸನಿಗೆ ಕೊಟ್ಟಾಯ್ತು!"

ದೇವತೆ ಚಾಪೆಯಿಂದ ಚಂಗನೆ ಹಾರಿತು! ಬನಿಯನ್-ಲುಂಗಿಯಲ್ಲೇ, ಮುಖದ ತುಂಬ ಚಕ್ಕೆ ಜೋಲಾಡಿಸಿಕೊಂಡು ಭೋಜರಾಜ ನಡುಬೀದಿಗೆ ಬಂದ. ತರಕಾರಿ ಗಾಡಿಯವನು ಗಾಡಿ ಬಿಟ್ಟು ಓಡಿದ. ಸುಬ್ರಾಯರೂ ಪಂಚೆ ಎತ್ತಿ ಕಟ್ಟಿದರು.

"ಓಡ್ಬೇಡಿ ಸಾರ್! ಇದು ಅಮ್ಮನೂ ಅಲ್ಲ, ಗಿಮ್ಮನೂ ಅಲ್ಲ! ಪಾರ್ಲರಿಗೆ ಹೋಗಿ ಸುಲಿಸ್ಕೊಂಡು ಬಂದೆ! ದುಡ್ಡು ಕೊಟ್ಟು ಸುಲಿಸ್ಕೊಂಡೆ!"

ಮಾಮಿ ಮುಗಿದಿದ್ದ ಕೈ ಇಳಿಸಿ, ಬೇವಿನ ಸೊಪ್ಪು ಕಿತ್ತುಕೊಂಡು ಒಳಗೆ ಹೋದರು. ಹೊಸಿಲಲ್ಲಿ ಕಲಾವತಿ ಬೀಸಣಿಗೆ ಹಿಡಿದು ನಿಂತಿದ್ದಳು.

"ಪಾರ್ಲರಾ?" ಎಂದಳು. ಕಣ್ಣಲ್ಲಿ ನೀರಿತ್ತು. "ಎರಡು ದಿನದಿಂದ ನನ್ನ ಜೀವ ಬಾಯಿಗೆ ಬಂದಿತ್ತಲ್ರೀ! ಒಗ್ಗರಣೆ ಇಲ್ಲದ ಸಾರು ಕುಡಿದು ನಾಲಿಗೆ ಬೇರೆ ಸತ್ತುಹೋಯ್ತು!" ಎನ್ನುತ್ತಲೇ ಅದೇ ಬೀಸಣಿಗೆಯಿಂದ ಅವನ ಭುಜಕ್ಕೆ ಒಂದು ಕೊಟ್ಟಳು. ಆ ಏಟು ತಿಂದಾಗ ಭೋಜರಾಜನಿಗೆ ನಿಜಕ್ಕೂ ನಾಚಿಕೆಯಾಯಿತು.

ಇಷ್ಟು ಹೊತ್ತಿಗೆ ಸುಬ್ರಾಯರು ಧೈರ್ಯವಾಗಿ ಹತ್ತಿರ ಬಂದು, ಅವನ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡುತ್ತಿದ್ದರು. ಅವರ ಕಣ್ಣು ಅರಳಿತು.

"ಎಂತಾ ಮುಖ ಮಾರಾಯ್ರೆ! ಮುದಿ ಮಹಾರಾಜನ ಪಾತ್ರದ ಕಿಟ್ಟಣ್ಣ ನಿನ್ನೆಯೇ ಊರಿಗೆ ಹೋದ. ಯಾರನ್ನು ಹಾಕುದು ಅಂತ ತಲೆ ಕೆಡಿಸಿಕೊಂಡಿದ್ದೆ. ಸಿಕ್ಕಿದ್ರಿ!"

"ಹರಿದಾಸನಿಗೆ ನಾನು ಅಪ್ಪನಾ?"

"ಈಟಿ ಹಿಡೀತೀರಾ?"

ಭೋಜರಾಜ ಅಪ್ಪನಾದ.

ಭಾನುವಾರ ಸಿನಿಮಾ ಸ್ಟುಡಿಯೋಗಳ ಕೋಡಂಬಾಕ್ಕಂನಿಂದ ಬಂದಿದ್ದ ಮೇಕಪ್‌ನವನು ಅವನ ಮುಖ ನೋಡಿ, ದೊರೆಸಾನಿಯ ಪಾರ್ಲರಿನ ಕಥೆಯನ್ನೆಲ್ಲ ಕೇಳಿಕೊಂಡು, ಗಡ್ಡವೊಂದನ್ನು ಅಂಟಿಸಿ ಪೆಟ್ಟಿಗೆ ಮುಚ್ಚಿದ. ಕೊನೆಯ ದೃಶ್ಯದಲ್ಲಿ ಮುದಿರಾಜ ಮಗನನ್ನು ತಬ್ಬಿ ಅತ್ತಾಗ, ಹರಿದಾಸನ ಮಖಮಲ್ಲಿನ ಅಂಗಿಯ ಮೇಲೆ ಚಕ್ಕೆಗಳು ಉದುರಿದವು. ಸಭೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ! ಮುಖ್ಯ ಅತಿಥಿಗಳಂತೂ ಎದ್ದು ನಿಂತು ಸಾರಿದರು:

"ಆ ಮುದಿ ಮಹಾರಾಜರ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ! ನನ್ನ ವತಿಯಿಂದ ಅದಕ್ಕೆ ಒಂದು ಬೆಳ್ಳಿ ಕಪ್ಪು!"

ಭೋಜರಾಜ ಗಡ್ಡ ನೀವಿಕೊಂಡು ಎದೆಯುಬ್ಬಿಸಿ ಮುಂದೆ ಹೆಜ್ಜೆ ಇಟ್ಟ.

"ದಯವಿಟ್ಟು ಮೇಕಪ್ ಮಾಡಿದವರು ವೇದಿಕೆಗೆ ಬರಬೇಕು!"

ಮೇಕಪ್‌ನವನು ಸ್ವಲ್ಪವೂ ಸಂಕೋಚಪಡದೆ ಹೋಗಿ ಕಪ್ಪು ಇಸಕೊಂಡು ಸಭೆಗೆ ನಮಸ್ಕರಿಸಿದ. ಇಳಿದು ಬರುವಾಗ ಭೋಜರಾಜನ ಕಿವಿಯ ಹತ್ತಿರ ಬಗ್ಗಿ ತಮಿಳಿನಲ್ಲಿ ಮೆಲ್ಲಗೆ ಕೇಳಿದ:

"ಸಾರ್, ಆ ದೊರೆಸಾನಿಯ ವಿಳಾಸ ಸ್ವಲ್ಪ ಕೊಡ್ತೀರಾ? ಮುಂದಿನ ವಾರ ಶೂಟಿಂಗಿಗೆ ನಾಲ್ಕು ಜನ ಮುದುಕರು ಬೇಕಾಗಿದ್ದಾರೆ."