ಬುಡ ಮುಂದಾದ ಈಟಿ

ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ನಮ್ಮ ದಾಂಡೇಲಿಯ ಚಾಳಿನಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಹೌದ್ರಿ ಎನ್ನುತ್ತೇನೆ. ಯಾವ ಸಾಮಾನು ಹೇಗೆ ಬೀಳುತ್ತದೆ ಎಂದು ನೋಡಲು ಅಕ್ಕನಾದ ನನ್ನ ಮನೆಯ ಕಸಬರಿಗೆ, ಊದುಗೊಳವೆ, ಕೊಡೆ ಎಲ್ಲವನ್ನೂ ಅಂಗಳಕ್ಕೆ ಒಗೆಯುವವನಿಗೆ ಮತ್ತೇನನ್ನಬೇಕು? ಕೊಡೆ ಗಾಳಿಯಲ್ಲೇ ಬಿಚ್ಚಿಕೊಂಡು ಪಕ್ಕದ ಮನೆಯ ಹಪ್ಪಳದ ಮೇಲೆ ಹೋಗಿ ಕೂತಿತು. ಪಕ್ಕದಾಕೆ ಬಾಯಿ ತೆಗೆಯುವ ಮೊದಲೇ ಇವನು, "ಕೊಡಿ ಈಟಿ ಆಗೂದಿಲ್ರಿ ವೈನಿ, ಖಾತ್ರಿ ಆತು" ಎಂದು ಸಮಾಧಾನ ಹೇಳಿದ.

ಈ ಹುಚ್ಚು ಹುಟ್ಟಿದ ಜಾಗ ಮಾತ್ರ ಒಳ್ಳೆಯದಲ್ಲ. ಕುಳಗಿಯ ಕಡೆ ಅಡವಿಯಲ್ಲಿ ಲಾರಿಗೆ ಹೇರಲು ಬಿದಿರನ್ನು ಬಣವೆಯ ಹಾಗೆ ಒಟ್ಟಿದ್ದರು. ಅದು ಜಾರಿತು. ನನ್ನ ಮಗ ಅದರ ಅಡಿಗೆ ಸಿಕ್ಕ. ತಮ್ಮ ಅವನನ್ನು ಎಳೆಯುತ್ತಿದ್ದಾಗ ಇನ್ನೊಂದು ಸಲ ಜಾರಿತು. ಮಗ ಹೋದ. ತಮ್ಮನಿಗೆ ಬಲಗೈ ಉಳಿಯಿತು, ಆದರೆ ಗೂಟಕ್ಕೆ ಹಾಕಿದ ಅಂಗಿಯ ತೋಳಿನ ಹಾಗೆ. ಅಂದಿನಿಂದ ಬೀಳುವುದನ್ನೇ ನೋಡುತ್ತಾನೆ.

ಮಗನ ಮಗಳು ಸಾಲೆ ಬಿಟ್ಟಳು. ಹದಿಮೂರರ ಹುಡುಗಿ, ಬೀಸುವ ಕಲ್ಲಿನ ಮುಂದೆ ಕೂತರೆ ಮುದುಕಿಯ ಹಾಗೆ ಕಾಣುತ್ತಿದ್ದಳು. ಡ್ರಿಲ್ ಮಾಸ್ತರರು ಮನೆಗೆ ಬಂದು, "ಆಯಿ, ಇಕಿ ಕಲ್ಲು ಒಗದ್ರ ಮಾವಿನ ತೊಟ್ಟಿಗೇ ಬೀಳ್ತಿತ್ತು. ಹಳಿಯಾಳದಾಗ ತಾಲೂಕಾ ಆಟ ಅದಾವು. ಈಟಿ ಒಗಿಯಾಕರೆ ಕಳಸ್ರಿ" ಎಂದರು. ಹುಡುಗಿ ಬೀಸುವ ಕಲ್ಲು ನಿಲ್ಲಿಸಿದಳು. "ಅಲ್ಲಿ ನನ್ನ ಈಟಿ ನೆಟ್ರ ಸಾಲಿಗೆ ಹೋಗ್ತೇನಿ. ಇಲ್ಲಂದ್ರ ಇನ್ನೊಮ್ಮೆ ನನ್ನ ಕೇಳಬ್ಯಾಡ್ರಿ."

ಈಟಿ ಮೊನೆಯಿಂದಲೇ ನೆಲ ಮುಟ್ಟಬೇಕಂತೆ. ಬಾಲ ಮೊದಲು ಬಿದ್ದರೆ ಎಷ್ಟು ದೂರ ಹೋದರೂ ಲೆಕ್ಕಕ್ಕಿಲ್ಲ. ಸಾಲೆಯ ಈಟಿ ಮುರಿದಿತ್ತು, ಬಿದಿರಿನದೇ ಮಾಡಿಕೊಳ್ಳಿ ಎಂದು ಹೇಳಿ ಮಾಸ್ತರರು ಹೋದರು. ತಮ್ಮನ ಮುಖ ನೋಡಬೇಕಿತ್ತು, ಮದುವೆಯಲ್ಲೂ ಅಷ್ಟು ಅರಳಿರಲಿಲ್ಲ! ಒಂದು ಗಳ ಆರಿಸಿ ತಂದ, ಕಮ್ಮಾರನಿಂದ ಕಬ್ಬಿಣದ ಮೊನೆ ಹಾಕಿಸಿದ, ಕಲಿಸಲು ನಿಂತ.

"ಕೈ ಕಡೀಕ, ತಂಗಿ. ಮೊದಲ ಎಡಗಾಲು ನೆಲಕ್ಕ ಗಟ್ಟಿ ಕೊಡು. ಸೊಂಟ ತಿರಗ್ಲಿ, ಭುಜ ಬರ್ಲಿ. ಕೈ ತಾನ ಬರ್ತೈತಿ."

ತೋರಿಸಲೂ ಹೋದ. ಓಡಿ ಬಂದು, ಎಡಗಾಲು ಕೊಟ್ಟು, ಸೊಂಟ ತಿರುಗಿಸಿ ನಿಂತ. ಕೈ ತಾನೇ ಬಂತು ನಿಜ, ತಡವಾಗಿ ಬಂದು ತೊಡೆಗೆ ಬಡಿಯಿತು. ಚಾಳಿನವರು ಬಾಗಿಲಲ್ಲಿ ನಿಂತಿದ್ದರು. ಒಬ್ಬ ಕೇಳಿದ, "ಏನ್ರಿ ಮಾಮಾ, ಒಗದದ್ದು ಎಲ್ಲಿ ಬಿತ್ತು?"

"ನಿನ್ನ ಕಣ್ಣಿಗೆ ಕಾಣೂವಷ್ಟು ಹತ್ರ ನಾ ಒಗಿಯಾಂವಲ್ಲ."

ಹುಡುಗಿ ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲು. ನಾನು ಒಳಗೆ ಹೋಗಿ ಸುಮ್ಮನೆ ಒಲೆ ಊದಿದೆ, ಒಲೆಯಲ್ಲಿ ಬೆಂಕಿ ಇರಲಿಲ್ಲ.

ಆದರೆ ಈಟಿ ನೆಡಲಿಲ್ಲ. ಮೇಲೆ ಹೋಗುವಾಗ ಹದ್ದು, ಕೆಳಗೆ ಬರುವಾಗ ಕಟ್ಟಿಗೆ. ಪ್ರತಿ ಸಲವೂ ಬಾಲ ಮೊದಲು ಬಿತ್ತು. ತಮ್ಮ ಅವಳ ಮೊಳಕೈ ಎತ್ತರಿಸಿದ, ಅಂಗೈ ತಿರುಗಿಸಿದ, ಓಟದ ಹೆಜ್ಜೆ ಕಡಿಮೆ ಮಾಡಿದ. ಒಂದೊಂದು ಒಗೆತಕ್ಕೂ ನನ್ನ ಗೋಡೆಯ ಮೇಲೆ ಇದ್ದಿಲ ಗೆರೆ, ಸುಣ್ಣ ಬಳಿದ ಗೋಡೆ ಪಟ್ಟೆಹುಲಿಯಾಯಿತು. ಹಳಿಯಾಳಕ್ಕೆ ಹೋಗುವ ಹಿಂದಿನ ದಿನ ಹುಡುಗಿ ಈಟಿಯನ್ನು ಗೋಡೆಗೆ ಒರಗಿಸಿ, "ಸಾಕು ಬಿಡು ಅಜ್ಜಾ" ಎಂದು ಬೀಸುವ ಕಲ್ಲಿಗೆ ಹೋಗಿ ಕೂತಳು.

ಅವನು ಊಟ ಮಾಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಲೇ ತಮ್ಮಾ, ಇಷ್ಟು ವರ್ಷ ಅಡವ್ಯಾಗ ಗಳ ಎಳದಿ. ಯಾವ ಕಡಿ ಮುಂದ ಮಾಡಿ ಎಳೀತಿದ್ದಿ?"

"ಬುಡ ಮುಂದ ಮಾಡಿ. ತುದಿ ಮುಂದ ಆದ್ರ ಗೆಣ್ಣಿನ ಟಿಸಿಲು ಸಿಕ್ಕೋತಾವು."

"ಮತ್ತ ಈಗ್ಯಾಕ ತುದಿ ಮುಂದ ಮಾಡೀದಿ?"

"ಚೂಪ ಇರೂದು ಅದ ಅಲ್ಲಾ, ಅಕ್ಕಾ..." ಎಂದವನು ಎದ್ದು ಈಟಿಯ ಕಡೆ ಓಡಿದ. ನಾನು ಬರೀ ಬೈಯಲು ಕೇಳಿದ್ದು, ಶಾಸ್ತ್ರ ನನಗೇನು ಗೊತ್ತು? ಬಿದಿರಿನ ಭಾರವೆಲ್ಲ ಬುಡದಲ್ಲಿ. ಇವನು ಆ ಭಾರವನ್ನು ಬಾಲಕ್ಕೆ ಬಿಟ್ಟು, ಹುಡುಗಿಯ ಕೈಕಾಲು ತಿದ್ದುತ್ತಿದ್ದ. ಮೊನೆ ಕಿತ್ತು ಬುಡಕ್ಕೆ ಬಡಿದ. ಎಡಗೈಯ ಒಂದೇ ಬೆರಳ ಮೇಲೆ ಈಟಿಯನ್ನು ತೂಗಿ, ಅದು ಯಾವ ಕಡೆಗೂ ವಾಲದೆ ನಿಂತಲ್ಲಿ ಹಿಡಿಕೆಯ ಹಗ್ಗ ಸುತ್ತಿದ. ಹಗ್ಗದ ಇನ್ನೊಂದು ಕೊನೆಯನ್ನು ಹುಡುಗಿ ತಾನಾಗಿಯೇ ಬಂದು ಹಿಡಿದಳು. ಒಗೆದು ನೋಡಲು ಹೊತ್ತು ಸಿಗಲಿಲ್ಲ, ಮುಂಜಾನೆ ಹಳಿಯಾಳದ ಮೋಟಾರು ಬಂದೇಬಿಟ್ಟಿತು.

ಮೂವರೂ ಹತ್ತಿದೆವು. ಕಂಡಕ್ಟರ್ ಈಟಿ ನೋಡಿ, "ಬ್ಯಾಟಿಗೆ ಹೊಂಟೀರೇನ್ರಿ?" ಎಂದ.

"ಇಲ್ರಿ, ಸಾಲಿಗೆ" ಎಂದ ತಮ್ಮ.

ಹಳಿಯಾಳದಲ್ಲಿ ಮೂರು ಸಲ ಒಗೆಯಲು ಬಿಟ್ಟರು. ಮೊದಲನೆಯದು ಅಡ್ಡ ಹೋಯಿತು. ಎರಡನೆಯದು ಅಂಗಾತ ಬಿದ್ದು ಮಲಗಿತು. ಹುಡುಗಿ ನಮ್ಮ ಕಡೆ ನೋಡಲಿಲ್ಲ. ತಮ್ಮ ಗೆರೆಯ ಹೊರಗಿನಿಂದ ಮೆಲ್ಲಗೆ, "ಎಡಗಾಲು ತಂಗಿ, ಎಡಗಾಲು" ಎನ್ನುತ್ತ ತನ್ನ ಎಡಗಾಲನ್ನೇ ನೆಲಕ್ಕೆ ಒತ್ತುತ್ತಿದ್ದ.

ಮೂರನೆಯದು ನೆಟ್ಟಿತು.

ನಂಬರು ಬರಲಿಲ್ಲ. ಉಳಿದ ಹುಡುಗಿಯರೆಲ್ಲ ಅವಳಿಗಿಂತ ದೂರ ಒಗೆದಿದ್ದರು. ಅದನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಅಳತೆ ಹಿಡಿದ ಮಾಸ್ತರರು ಈಟಿ ಕೀಳಲು ಬಗ್ಗಿದರು. ನನ್ನ ತಮ್ಮ ಓಡಿಹೋಗಿ ಅದರ ಬುಡದಲ್ಲಿ ಕೂತೇಬಿಟ್ಟ. "ಒಂದು ಗಳಿಗಿ ಇರ್ಲಿ ಬಿಡ್ರಿ ಮಾಸ್ತರ. ನಿಂತೈತಿ" ಎಂದ. ನನ್ನ ಮಗ ಸತ್ತಾಗ ಇವನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ, ಕಲ್ಲು ಎಂದು ನಾನೇ ಬೈದಿದ್ದೆ. ಈಗ ಮೈದಾನದ ನಡುವೆ, ಅಷ್ಟು ಜನರ ಮುಂದೆ, ಬಿದಿರಿಗೆ ಹಣೆ ಹಚ್ಚಿ ಅತ್ತ.

ಹುಡುಗಿ ಹೋಗಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ತನ್ನ ಲಂಗದ ಅಂಚಿನಿಂದ ಅವನ ಮುಖ ಒರೆಸಿದಳು.

"ಅಳಬ್ಯಾಡ ಅಜ್ಜಾ. ಏಳು, ಮನಿಗೆ ಹೋಗೂಣು. ನಾಳಿ ನನಗ ಸಾಲಿ ಐತಿ."