ಮದುವೆಯಾಗಿಲ್ಲ ಎಂಬುದಕ್ಕೆ ಐದು ಸಹಿ

ಗಲ್ಫ್‌ನಲ್ಲಿ ಕ್ರೇನ್ ಓಡಿಸುವ ಸಂಜೀವಕುಮಾರ ತೇರಗಾಂವದಲ್ಲಿದ್ದ ಮಗ ವೀರೇಶನಿಗೆ ಬೆಳಗಿನ ಏಳಕ್ಕೆ ಕಳಿಸಿದ ಧ್ವನಿ ಸಂದೇಶ ಒಂದೂವರೆ ನಿಮಿಷದ್ದು. ಅದರಲ್ಲಿ ಒಂದು ನಿಮಿಷ ಬರೀ ಕ್ರೇನಿನ ಸದ್ದು. ಉಳಿದ ಅರ್ಧ ನಿಮಿಷವೇ ವೀರೇಶನ ದಿನ ಕೆಡಿಸಲು ಸಾಕಾಯಿತು.

ಅಲ್ಲಿ ದುಡಿಯುವವರು ಹೆಂಡತಿಯನ್ನೋ ಸಣ್ಣ ಮಕ್ಕಳನ್ನೋ ಕರೆಸಿಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಮೀಸೆ ಬಂದ ಮಗನಿಗೆ ವಾಸದ ಪರವಾನಗಿ ಕೇಳಿದಾಗ ಮಾತ್ರ ಆ ಸರಕಾರಕ್ಕೆ ಅನುಮಾನ ಶುರುವಾಗುತ್ತದೆ. ಅವನಿಗೆ ಮದುವೆಯಾಗಿರಬಾರದು, ನೌಕರಿ ಇರಬಾರದು, ಅಪ್ಪನ ಅನ್ನವನ್ನೇ ಉಣ್ಣುತ್ತಿರಬೇಕು, ಮತ್ತು ಇಪ್ಪತ್ತೈದು ತುಂಬಿರಬಾರದು. ವೀರೇಶನಿಗೆ ಮರುದಿನವೇ ಇಪ್ಪತ್ತೈದು ತುಂಬುವುದಿತ್ತು. ಮೊದಲ ಮೂರಕ್ಕೆ ಊರಿನ ಕಚೇರಿಯ ದಾಖಲೆ ಬೇಕು, ಸಂಜೆ ಐದರೊಳಗೆ ತನಗೆ ಮುಟ್ಟಬೇಕು ಎಂದು ಅಪ್ಪ ಹೇಳಿದ್ದ.

ವೀರೇಶನ ಅವ್ವ ಅನ್ನಪೂರ್ಣಾ ಎರಡು ವರ್ಷದ ಹಿಂದೆ, ಗಂಡನಿಗೆ ಹೊಟ್ಟೆಯ ಆಪರೇಶನ್ ಆದಾಗ ಹೋದವಳು ಅಲ್ಲೇ ಉಳಿದಿದ್ದಳು. ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಳು ಬಂದಾಗ ಫೋನನ್ನು ಮೇಲಿನ ಫ್ಯಾನಿನ ಕಡೆ ತಿರುಗಿಸುತ್ತಿದ್ದಳು. ಹೀಗಾಗಿ ವೀರೇಶನಿಗೆ ಅವ್ವನ ಮುಖಕ್ಕಿಂತ ಆ ಫ್ಯಾನಿನ ಪರಿಚಯ ಹೆಚ್ಚಾಗಿತ್ತು. ಅವನಿಗೂ ಅವ್ವನ ಹತ್ತಿರ ಹೋಗಬೇಕೆಂಬ ಆಸೆ ಬಹಳ ಇತ್ತು. ಗಡ್ಡ ಬಂದ ಮೇಲೆ ಅದನ್ನು ಯಾರ ಮುಂದೂ ಹೇಳುವಂತಿರಲಿಲ್ಲ, ಅಷ್ಟೇ.

ದಾಖಲೆ ಕಷ್ಟವಾಗಲಿಕ್ಕಿಲ್ಲ ಎಂದುಕೊಂಡ. ತನಗೆ ಮದುವೆಯಾಗಿಲ್ಲ ಎಂಬುದನ್ನು ಊರಿನವರು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಿದ್ದರು. ಅದನ್ನೇ ಬರೆದುಕೊಟ್ಟರೆ ಆಯಿತಲ್ಲ.

ಗ್ರಾಮ ಆಡಳಿತಾಧಿಕಾರಿ ರೂಪಾಲಿ ಹೊಸದಾಗಿ ಬಂದ ಹುಡುಗಿ. ಎಲ್ಲವನ್ನೂ ಕ್ರಮಬದ್ಧವಾಗಿ ಮಾಡುವವಳು. ಐವರು ನೆರೆಯವರು ಪಂಚನಾಮೆಗೆ ಸಹಿ ಹಾಕಿದರೆ ತಾನು ವರದಿ ಕೊಡುತ್ತೇನೆ, ಹಳಿಯಾಳದ ಕಚೇರಿಯಲ್ಲಿ ಸರಕಾರಿ ಮೊಹರಿನ ಸಿಕ್ಕಾ ಹಾಕಿಸಿಕೊಳ್ಳಿ ಎಂದಳು. ವೀರೇಶ ಹಾಳೆ ಹಿಡಿದು ಮೊದಲು ನಿವೃತ್ತ ಮಾಸ್ತರ ಅಡಿವೆಯ್ಯನವರ ಮನೆಗೆ ಹೋದ.

ಮಾಸ್ತರರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಪೆನ್ನಿನ ಟೊಪ್ಪಿಗೆ ಮುಚ್ಚಿದರು.

"ಆಗಿದ್ದು ಕಣ್ಣಿಲೆ ನೋಡೇನಿ ಅಂದ್ರ ಸಹಿ ಹಾಕಬಹುದು ವೀರೇಶ. ಆಗಲಾರದ್ದನ್ನ ನಾ ಹೆಂಗ ನೋಡಲಿ? ನೀ ಮೂರು ವರ್ಷ ಧಾರವಾಡದಾಗ ಇದ್ದಿ."

"ಓದಾಕ ಹೋಗಿದ್ನಿರಿ ಸರ್."

"ನಿನ್ನ ಮಾರ್ಕ್ಸ್ ನೋಡಿದ್ರ ಹಂಗ ಅನಸಂಗಿಲ್ಲ," ಎಂದರು ಮಾಸ್ತರರು, ಯಾವ ಸಿಟ್ಟೂ ಇಲ್ಲದೆ.

ಹಿಟ್ಟಿನ ಗಿರಣಿಯ ಶೇಖಪ್ಪ ಹಾಳೆ ಓದಲೇ ಇಲ್ಲ. ಮದುವೆಯಾಗಿಲ್ಲವೆಂದು ದಾಖಲೆ ಕೇಳುತ್ತಾರೆಂದರೆ ಆಗಿದೆ ಎಂದು ಯಾರೋ ದೂರು ಕೊಟ್ಟಿರಬೇಕು ಎಂಬುದು ಅವನ ಲೆಕ್ಕ. ಗಿರಣಿಯ ಗದ್ದಲದಲ್ಲಿ ಅವನಿಗೆ ಕೂಗಿ ಮಾತಾಡುವ ರೂಢಿ. ಅಂದು ಕರೆಂಟ್ ಹೋಗಿತ್ತು, ರೂಢಿ ಹೋಗಿರಲಿಲ್ಲ. ಹಿಟ್ಟಿಗೆ ಕಾದಿದ್ದ ಒಂಬತ್ತು ಹೆಣ್ಣುಮಕ್ಕಳು ಆ ಮಾತನ್ನು ಒಂಬತ್ತು ಓಣಿಗೆ ಒಯ್ದರು. ಹನ್ನೊಂದರ ಹೊತ್ತಿಗೆ ಧಾರವಾಡದ ಹುಡುಗಿಯೊಬ್ಬಳು ವೀರೇಶನ ಮೇಲೆ ಕೇಸು ಹಾಕಿದ್ದಳು. ಹನ್ನೆರಡಕ್ಕೆ ಅವಳು ವಕೀಲರನ್ನು ಹಿಡಿದಿದ್ದಳು. ಒಂದು ಗಂಟೆಗೆ ಅವಳಿಗೆ ಒಂದು ಗಂಡು ಮಗು ಹುಟ್ಟಿತು.

ವೀರೇಶ ಒಂದೂ ಸಹಿಯಿಲ್ಲದೆ ಮನೆಗೆ ಬಂದಾಗ ಅಜ್ಜಿ ಗುರುಸಿದ್ದವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಅತ್ತಿರಲಿಲ್ಲ, ಬೈಯಲೂ ಇಲ್ಲ. ಬೇಳೆ ನೆನೆಹಾಕಿದ್ದಳು.

"ಹೋಳಿಗಿ ಮಾಡ್ತೇನಿ, ಕರಕೊಂಡು ಬಾ. ಕೂಸಿನ ಹೆಸರರ ಹೇಳು."

ಹುಡುಗಿಯೂ ಇಲ್ಲ, ಕೂಸೂ ಇಲ್ಲ ಎಂದು ತಿಳಿಹೇಳಲು ವೀರೇಶನಿಗೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಅಜ್ಜಿ ನಂಬಿದಳು, ಆದರೆ ಮುಖ ಸಣ್ಣದಾಯಿತು. ಮರಿಮಗ ಬಂದು ಹೋದ ಹಾಗೆ ಆಗಿತ್ತು ಅವಳಿಗೆ. ಆಮೇಲೆ ಸಾವರಿಸಿಕೊಂಡು, ಮೊಮ್ಮಗನಿಗೆ ತಾನೇ ಸಹಿ ಕೊಡಿಸುತ್ತೇನೆಂದು ಸೆರಗು ಹೊದ್ದು ಎದ್ದಳು.

ಅದೇ ದೊಡ್ಡ ತಪ್ಪಾಯಿತು. ಸುದ್ದಿ ಕೇಳಿ, ರೂಪಾಲಿಯ ಕಚೇರಿಯಿದ್ದ ಚಾವಡಿಯ ಮುಂದೆ ನಲವತ್ತು ಜನ ಸೇರಿದ್ದರು. ಅಜ್ಜಿ ನೇರವಾಗಿ ರೂಪಾಲಿಯ ಹತ್ತಿರ ಹೋಗಿ, ತನ್ನ ಮೊಮ್ಮಗ ಸಕ್ಕರೆ ಕಾರ್ಖಾನೆಯಲ್ಲಿ ಆಫೀಸರ ಇದ್ದಾನೆ, ಅಂಥವನ ಮೇಲೆ ಅಪವಾದ ಸಲ್ಲದು ಎಂದಳು. ಎರಡು ವರ್ಷದಿಂದ ಅವಳು ಕನ್ಯೆ ನೋಡುವ ಮನೆಗಳಲ್ಲೆಲ್ಲ ಹೇಳಿಕೊಂಡು ಬಂದ ಮಾತು ಅದು. ನಿಜವಾಗಿ ವೀರೇಶ ಅಲ್ಲಿ ಒಂದು ಹಂಗಾಮು ಕಬ್ಬಿನ ಲಾರಿಗಳಿಗೆ ಚೀಟಿ ಹರಿದು ಕೊಟ್ಟಿದ್ದ. ಹಂಗಾಮು ಮುಗಿದೊಡನೆ ಅವನ ಕೆಲಸವೂ ಮುಗಿದಿತ್ತು.

ರೂಪಾಲಿ ಪೆನ್ನು ಎತ್ತಿದಳು. "ನೌಕರಿ ಐತಿ ಅಂತ ಬರೀಲೇನ್ರಿ ಹಂಗಾದ್ರ?"

ವೀರೇಶ ಅಜ್ಜಿಯ ಮುಖ ನೋಡಿದ. ಆ ಮುಖದಲ್ಲಿ ಇದ್ದದ್ದು ಹೂಂ ಅನ್ನು ಎಂಬ ಒಂದೇ ಬೇಡಿಕೆ. ಗೋಡೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು, ನಲವತ್ತು ಜನರಿಗೂ ಕೇಳುವ ಹಾಗೆ ಹೇಳಿದ.

"ನಂಗ ನೌಕರಿ ಇಲ್ರಿ. ಲಗ್ನ ಆಗಿಲ್ಲ. ಯಾರೂ ಹೆಣ್ಣು ಕೊಟ್ಟಿಲ್ಲ. ಅಪ್ಪ ಕಳಸಿದ್ದರಾಗ ಉಣ್ತೇನಿ. ನಂಗ ಅವ್ವನ ಕಡೆ ಹೋಗಬೇಕಾಗೇತಿ."

ಕೊನೆಯ ಮಾತು ಅವನಿಗೇ ತಿಳಿಯದೆ ಬಾಯಿಂದ ಬಿದ್ದಿತ್ತು. ಚಾವಡಿಯಲ್ಲಿ ಯಾರೂ ನಗಲಿಲ್ಲ. ಅಡಿವೆಯ್ಯ ಮಾಸ್ತರರು ನಿಧಾನಕ್ಕೆ ಮುಂದೆ ಬಂದು, ಊರ ಮುಂದೆ ನಿಂತು ಹೀಗೆ ಸುಳ್ಳು ಹೇಳಿಕೊಳ್ಳುವ ಗಂಡಸು ಹುಟ್ಟಿಲ್ಲ ಎಂದು ಸಹಿ ಹಾಕಿದರು. ಶೇಖಪ್ಪನೂ ಹಾಕಿದ. ಮತ್ತೆ ಮೂವರು ತಾವಾಗಿ ಪೆನ್ನು ಇಸಿದುಕೊಂಡರು. ಗುರುಸಿದ್ದವ್ವ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಮನೆಯ ಕಡೆ ನಡೆದಳು. ಎರಡು ವರ್ಷ ಕಟ್ಟಿದ ಆಫೀಸರ ಒಂದು ನಿಮಿಷದಲ್ಲಿ ಕಳೆದುಹೋಗಿದ್ದ.

ಹಳಿಯಾಳಕ್ಕೆ ಟೆಂಪೋದಲ್ಲಿ ಹೋಗಿ, ಸಾಲಿನಲ್ಲಿ ನಿಂತು, ಸಿಕ್ಕಾ ಹಾಕಿಸಿ, ಝೆರಾಕ್ಸ್ ಅಂಗಡಿಯಿಂದ ದಾಖಲೆಯನ್ನು ಅಪ್ಪನಿಗೆ ಕಳಿಸಿದಾಗ ಐದಕ್ಕೆ ಎಂಟು ನಿಮಿಷ ಇತ್ತು. ವೀರೇಶ ಬಸ್ ಸ್ಟ್ಯಾಂಡಿಗೆ ಬಂದು ಒಂದು ಮಿರ್ಚಿ ಭಜಿ ತಿಂದ. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಅದೇ ಮೊದಲು. ನಾಚಿಕೆ ಇನ್ನೂ ಆರಿರಲಿಲ್ಲವಾದರೂ ಎದೆ ಹಗುರಾಗಿತ್ತು. ಇನ್ನೇನು, ಅವ್ವನ ಕೈಯ ರೊಟ್ಟಿ.

ಐದೂವರೆಗೆ ಫೋನು ಬಂತು. ಅಪ್ಪನ ದನಿಯಲ್ಲಿ ಅಚ್ಚರಿ ಇತ್ತು.

"ವೀರೇಶ, ನಿನ್ನ ಪರವಾನಗಿ ಮಂಜೂರಾತು. ನೀ ಒಂದ ದಿನದಾಗ ಆ ಕಾಗದ ತರ್ತೀ ಅಂತ ನಾ ಅನ್ಕೊಂಡಿದ್ದಿಲ್ಲ."

ಅವ್ವನಿಗೆ ಫೋನು ಕೊಡು ಎಂದ ವೀರೇಶ. ಆ ಕಡೆ ಕ್ರೇನು ಸದ್ದು ಮಾಡಿತು. ಈ ಕಡೆ ಗೋವಾ ಬಸ್ಸು ಬಂದು ನಿಂತಿತು. ಅದರಿಂದ ಮೂರು ದೊಡ್ಡ ಬ್ಯಾಗು ಇಳಿದವು, ಅವುಗಳ ಹಿಂದೆ ಅನ್ನಪೂರ್ಣಾ ಇಳಿದಳು.

"ನಿಮ್ಮವ್ವ ನಿನ್ನ ಬಿಟ್ಟು ಇರಂಗಿಲ್ಲ ಅಂತ ಊಟ ಬಿಟ್ಟು ಕುಂತಿದ್ಲು," ಎನ್ನುತ್ತಿದ್ದ ಅಪ್ಪ. "ನಿನ್ನ ಇಲ್ಲಿ ಕರಸೂದು ಒಂದು ಅರ್ಜಿ ಹಾಕಿದೆ. ಅಕಿ ಪರವಾನಗಿ ರದ್ದು ಮಾಡಿಸಿ ಅಲ್ಲಿ ಕಳಸೂದು ಒಂದು ಹಾಕಿದೆ. ಯಾವುದರ ಒಂದು ಆಗ್ತೈತಿ ಅಂತ ತಿಳಕೊಂಡಿದ್ದೆ. ಅಕಿದು ನಿನ್ನೆ ಆತು, ನಿನಗ ಹೇಳದ ಬರ್ತೇನಿ ಅಂದ್ಲು. ನಿನ್ನ ವಯಸ್ಸಿಗೆ ಇವತ್ತ ಕಡೀ ದಿನ ಅಂತ ನಿಂದೂ ಬಿಡಲಿಲ್ಲ, ಅದೂ ಆತು."

ವೀರೇಶ ಫೋನು ಕಿಸೆಗೆ ಹಾಕಿದ. ಅವ್ವ ಬಂದು ಅವನ ಗಲ್ಲ ಸವರಿ, ಸೊರಗಿದ್ದಾನೆಂದು ಕಣ್ಣೀರು ತೆಗೆದಳು. ಫೋನು ತಿರುಗಿಸಲು ಇಲ್ಲಿ ಫ್ಯಾನು ಇರಲಿಲ್ಲ. ಅತ್ತು ಮುಗಿದ ಮೇಲೆ ವಿಷಯ ಕೇಳಿಕೊಂಡಳು. ಬ್ಯಾಗಿನ ಮೇಲೆ ಕುಳಿತು ಲೆಕ್ಕ ಹಾಕಿದಳು. ರದ್ದಾದ ಪರವಾನಗಿಗೆ ಒಂದು ವರ್ಷದವರೆಗೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ವೀರೇಶ ಮಾತ್ರ ತಿಂಗಳೊಳಗೆ ಹೋಗಬೇಕಿತ್ತು.

ಹೋಗುವುದಿಲ್ಲ, ನಿನ್ನ ಹತ್ತಿರವೇ ಇರುತ್ತೇನೆ ಎಂದ ವೀರೇಶ. ಅನ್ನಪೂರ್ಣಾ ತಲೆ ಅಲ್ಲಾಡಿಸಿದಳು.

"ಅಪ್ಪನ ಹೊಟ್ಟಿ ಹೋಟೆಲ್ ಊಟ ತಾಳಂಗಿಲ್ಲ. ಅಲ್ಲಿ ಒಬ್ಬರ ಇರಬೇಕಲ್ಲ ಮಾಡಿ ಹಾಕಾಕ. ನಾ ಅಜ್ಜಿ ಕಡೆ ಇರ್ತೇನಿ, ನೀ ಹೋಗು."

ತೇರಗಾಂವದ ಬಸ್ಸು ಬಂತು. ವೀರೇಶ ಮೂರೂ ಬ್ಯಾಗು ಹತ್ತಿಸಿ ಅವ್ವನ ಮಗ್ಗುಲಲ್ಲಿ ಕುಳಿತ. ಬಸ್ಸು ಊರು ದಾಟುವುದರೊಳಗೆ ಅವಳು, ಜೋಳದ ಹಿಟ್ಟಿಗೆ ನೀರು ಎಷ್ಟು ಕುದಿಯಬೇಕೆಂದು ಹೇಳಿಕೊಡಲು ಶುರುಮಾಡಿದಳು.